ಕೊನೀ ದಿನ ಲೆಕ್ಕದಾಗ ಅದ ಏನ್ರಿ?

‘ಐ ಆ್ಯಮ್ ಪ್ರಿಪೇರಿಂಗ್ ಸಿನ್ಸ್ ಟೂ ಇಯರ್ಸ್’ ಎಂದ ಹುಡುಗನನ್ನು ಕಲಬುರಗಿಯ ಯಾವ ಸ್ಪೋಕನ್ ಇಂಗ್ಲಿಷ್ ಕ್ಲಾಸೂ ಸುಮ್ಮನೆ ಬಿಡುವುದಿಲ್ಲ. ಸರ್ ಹಲಗೆಯ ನಡುವೆ ಒಂದು ಗೆರೆ ಎಳೆಯುತ್ತಾರೆ. ಗೆರೆಯ ಈಚೆ ‘ಸಿನ್ಸ್’: ಸೋಮವಾರ, ಜನವರಿ, 2020, ಮುಂಜಾನೆ. ಆಚೆ ‘ಫಾರ್’: ಎರಡು ದಿನ, ಮೂರು ತಿಂಗಳು, ಬಹಳ ಕಾಲ. ಹುಡುಗರು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ. ಸಂವಿಧಾನದ 98ನೇ ತಿದ್ದುಪಡಿಯಿಂದ, ಈ ಭಾಗದವರಿಗೆ ನೌಕರಿಯಲ್ಲಿ ಮೀಸಲಾತಿ ಕೊಡುವ 371(ಜೆ) ವಿಧಿ ಬಂದ ಮೇಲೆ ಮನೆಮನೆಯಲ್ಲೂ ಸರ್ಕಾರಿ ನೌಕರಿಯ ಆಸೆಗೆ ಬಲ ಬಂದಿದೆ. ನೌಕರಿಯ ಪರೀಕ್ಷೆ ಎಂದರೆ ಸಾಮಾನ್ಯ ಇಂಗ್ಲಿಷ್, ಸಾಮಾನ್ಯ ಇಂಗ್ಲಿಷ್ ಎಂದರೆ ಬಿಟ್ಟ ಸ್ಥಳ ತುಂಬಿರಿ. ಹಾಗಾಗಿ ಸಿನ್ಸ್-ಫಾರ್ ಪಾಠಕ್ಕೆ ಗಿರಾಕಿ ತಪ್ಪುವುದಿಲ್ಲ.

ನನ್ನ ತಕರಾರು ಇರುವುದು ಇಲ್ಲೇ. ಈ ತಪ್ಪಿನಿಂದ ಯಾರಿಗೂ ನಷ್ಟವಿಲ್ಲ. ‘ಎರಡು ವರ್ಷದಿಂದ ಓದ್ಲಾಕತ್ತೀನಿ’ ಎನ್ನುವುದೇ ಅದರ ಹಿಂದಿರುವ ಮಾತು. ಕನ್ನಡದ ‘ಇಂದ’ ಎರಡೂ ಕೆಲಸ ಮಾಡುತ್ತದೆ: ಸೋಮವಾರದಿಂದ ಮಳೆ, ಮೂರು ದಿನದಿಂದ ಮಳೆ. ಹಿಂದಿ, ಉರ್ದುವಿನ ‘ಸೇ’ ಕೂಡ ಹಾಗೆಯೇ. ಇಂಗ್ಲಿಷಿನ ಹತ್ತಿರದ ನೆಂಟಸ್ತಿಕೆಯ ಜರ್ಮನ್ ಭಾಷೆಯಲ್ಲೂ ‘ಜೈಟ್’ ಎಂಬ ಒಂದೇ ಪದ ಶುರುವಾದ ಗಳಿಗೆಗೂ ಸಲ್ಲುತ್ತದೆ, ಕಳೆದ ಅವಧಿಗೂ ಸಲ್ಲುತ್ತದೆ. ಜರ್ಮನಿಯವರೂ ಇಂಗ್ಲಿಷ್ ಕಲಿಯುವಾಗ ಇದೇ ತಪ್ಪು ಮಾಡುತ್ತಾರೆ. ಕೇಳಿದವರಿಗೆ ಅರ್ಥ ಕೆಡುವುದಿಲ್ಲ. ಪರೀಕ್ಷೆಯಲ್ಲಿ ಒಂದು ಅಂಕ ಹೋದೀತು, ಸಂದರ್ಶನದಲ್ಲಿ ಯಾರಾದರೂ ಹುಬ್ಬು ಏರಿಸಿಯಾರು, ಅಷ್ಟೇ.

ದುಡ್ಡು, ಕೇಸು, ನೌಕರಿ, ಗಾಡಿ ತಪ್ಪಿಸುವ ಪದಗಳೇ ಬೇರೆ. ಬೈ, ಅಂಟಿಲ್, ವಿದಿನ್, ಫ್ರಮ್, ಆಫ್ಟರ್, ಬಿಫೋರ್. ಇವುಗಳಿಗೆ ಹಲಗೆಯ ಮೇಲೆ ಗೆರೆ ಎಳೆದವರನ್ನು ನಾನು ಹೆಚ್ಚು ಕಂಡಿಲ್ಲ. ಇವೆಲ್ಲದರ ತಳದಲ್ಲಿ ಇರುವುದು ಒಂದೇ ಪ್ರಶ್ನೆ. ಆನ್‌ಲೈನ್ ಅರ್ಜಿ ತುಂಬುವ ಝೆರಾಕ್ಸ್ ಅಂಗಡಿಯಲ್ಲಿ ದಿನಾ ಅದು ಕೇಳಿಸುತ್ತದೆ: ‘ಅಣ್ಣಾ, ಕೊನೀ ದಿನ ಲೆಕ್ಕದಾಗ ಅದ ಏನ್ರಿ, ಇಲ್ಲೇನ್ರಿ?’

ಬೈ ಮತ್ತು ಅಂಟಿಲ್‌ನಿಂದ ಶುರು ಮಾಡೋಣ. ಕಲಬುರಗಿಯ ಆಡುಮಾತಿನಲ್ಲಿ ಇವೆರಡರ ನಡುವೆ ಗೊಂದಲವೇ ಇಲ್ಲ. ‘ಐದು ಗಂಟಿದೊಳಗ ಬರ್ತೀನಿ’ ಎಂದರೆ ಐದು ಹೊಡೆಯುವ ಮೊದಲು ಯಾವಾಗ ಬೇಕಾದರೂ ಬರಬಹುದು, ಬಂದರೆ ಮುಗಿಯಿತು. ‘ಐದು ಗಂಟಿ ತನ ಇರ್ತೀನಿ’ ಎಂದರೆ ಕೂತೇ ಇರಬೇಕು, ಐದು ಹೊಡೆಯುವವರೆಗೆ. ಮೊದಲನೆಯದು ಬೈ, ಎರಡನೆಯದು ಅಂಟಿಲ್. ಒಂದೇ ಸಲಕ್ಕೆ ಮುಗಿಯುವ ಕೆಲಸಕ್ಕೆ ಒಳಗ, ನಡೆಯುತ್ತಲೇ ಇರುವ ಕೆಲಸಕ್ಕೆ ತನ. ‘ಸಬ್ಮಿಟ್ ದಿ ಫಾರ್ಮ್ ಅಂಟಿಲ್ ಫ್ರೈಡೇ’ ಎಂದು ಬರೆದವರು ‘ಶುಕ್ರವಾರದ ತನ ಫಾರ್ಮು ಕೊಡ್ತಾ ಇರ್ರಿ’ ಎಂದಂತಾಯಿತು. ಮನೆಯಲ್ಲಿ ಎಂದೂ ತಪ್ಪದ ನಾಲಿಗೆ ಇಂಗ್ಲಿಷಿಗೆ ಹೋದಾಗ ತಪ್ಪುವುದು ವ್ಯಾಕರಣ ಬಾರದೆ ಅಲ್ಲ. ಶಾಲೆಯಲ್ಲಿ ಎರಡಕ್ಕೂ ‘ವರೆಗೆ’ ಎಂಬ ಒಂದೇ ಪುಸ್ತಕದ ಅರ್ಥ ಬಾಯಿಪಾಠ ಮಾಡಿಸಿರುತ್ತಾರೆ. ‘ಒಳಗ’ ಎಂದು ಹೇಳಿಕೊಟ್ಟಿದ್ದರೆ ಅರ್ಧ ಪಾಠ ಉಳಿಯುತ್ತಿತ್ತು. ಆದರೆ ಅದು ಹಳ್ಳಿ ಮಾತು ಎಂಬ ನಾಚಿಕೆ.

ಕಷ್ಟ ಬರುವುದು ಗಡುವಿನ ದಿನದಲ್ಲಿ. ಬಾಗಿಲ ಮೇಲೆ ‘ಕ್ಲೋಸ್ಡ್ ಟಿಲ್ ಫಿಫ್ತ್’ ಎಂದು ಅಂಟಿಸಿದ್ದಾರೆ. ಐದನೇ ತಾರೀಖು ಅಂಗಡಿ ತೆರೆದಿರುತ್ತದೋ ಇಲ್ಲವೋ? ಇಂಗ್ಲಿಷ್ ಮನೆಮಾತಿನವರನ್ನು ಕೇಳಿದರೂ ಉತ್ತರ ಎರಡು ಬರುತ್ತದೆ. ‘ಬೈ ಟೆಂತ್’ ಎಂದರೆ ಸಾಮಾನ್ಯವಾಗಿ ಹತ್ತನೇ ತಾರೀಖೂ ಸೇರುತ್ತದೆ. ‘ಬಿಫೋರ್ ಟೆಂತ್’ ಎಂದರೆ ಒಂಬತ್ತಕ್ಕೇ ಮುಗಿಯಿತು. ಈ ಜಗಳವೇ ಬೇಡವೆಂದು ಕಚೇರಿಯ ಇಂಗ್ಲಿಷು ‘ಆನ್ ಆರ್ ಬಿಫೋರ್’ ಎಂಬ ಉದ್ದನೆಯ ಪ್ರಯೋಗವನ್ನು ಹಿಡಿದುಕೊಂಡಿದೆ. ಅದನ್ನು ಅಲಂಕಾರ ಎಂದುಕೊಂಡು ‘ಬಿಫೋರ್’ ಒಂದನ್ನೇ ಉಳಿಸಿ ಬರೆದ ನೋಟಿಸುಗಳನ್ನು ನೋಡಿದ್ದೇನೆ. ಉಳಿಸಿದ್ದು ಎರಡು ಪದ, ಕಳೆದದ್ದು ಅರ್ಜಿದಾರರ ಒಂದು ದಿನ.

ಈ ಸೀಮೆಯ ಕಚೇರಿಗಳಿಗೆ ಇಂಗ್ಲಿಷ್ ತಡವಾಗಿ ಬಂದದ್ದು ಎಂಬುದನ್ನೂ ಇಲ್ಲಿ ನೆನೆಯಬೇಕು. 1948ರ ಸೆಪ್ಟೆಂಬರ್‌ವರೆಗೆ ಇದು ನಿಜಾಮರ ಹೈದರಾಬಾದ್ ಸಂಸ್ಥಾನ. ಕಂದಾಯದ ಕಾಗದ ಉರ್ದುವಿನಲ್ಲಿ, ವರ್ಷ ಫಸಲಿ ಶಕೆಯಲ್ಲಿ. ಹಳೆಯ ಪಹಣಿಯ ಮೇಲೆ 1340 ಎಂದಿದ್ದರೆ 590 ಕೂಡಿಸಿ ಸುಮಾರು 1930 ಎಂದು ತಿಳಿಯಬೇಕು. ಆ ಕಾಲದಿಂದ ಉಳಿದ ಮಾತುಗಳು ಈಗಲೂ ನಾಲಿಗೆಯ ಮೇಲಿವೆ: ಮುದ್ದತು, ವಾಯಿದೆ, ಕಿಸ್ತು, ತಾರೀಖು. ‘ಮುದ್ದತು ಮುಗೀತು’ ಎಂದರೆ ಮುಗಿಯಿತು. ವಿದಿನ್ನೋ ಬೈಯೋ ಎಂಬ ಚರ್ಚೆ ಇಲ್ಲ. ಹಾಗೆಂದು ಉರ್ದುವಿನಲ್ಲಿ ಎಲ್ಲವೂ ನಿಖರ ಎಂದೇನಿಲ್ಲ. ‘ಕಲ್’ ಎಂದರೆ ನಿನ್ನೆಯೂ ಹೌದು, ನಾಳೆಯೂ ಹೌದು. ದಖ್ಖನಿಯ ‘ಪರ್ಸೊಂ’ ಅಂತೂ ಮೊನ್ನೆಯಿಂದ ಹಿಡಿದು ಹತ್ತು ವರ್ಷದ ಹಿಂದಿನವರೆಗೆ ಎಲ್ಲಿಗೆ ಬೇಕಾದರೂ ಹೋಗುತ್ತದೆಂದು ಹೈದರಾಬಾದಿನವರೇ ನಗೆಯಾಡುತ್ತಾರೆ.

ಇನ್, ವಿದಿನ್, ಆಫ್ಟರ್ ಇನ್ನೊಂದು ಮೂವರ ಗುಂಪು. ಇದನ್ನು ಕಲಿಯಲು ಕಮಲಾಪುರಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಕಲಬುರಗಿಯಿಂದ ಹುಮನಾಬಾದ್ ದಾರಿಯಲ್ಲಿ ಮೂವತ್ತೈದು ಕಿಲೋಮೀಟರ್ ಆಸುಪಾಸಿನಲ್ಲಿರುವ ಈ ಊರು ತಾಲ್ಲೂಕು ಕೇಂದ್ರವಾದದ್ದು 2018ರಲ್ಲಿ, ಹೆಸರಾದದ್ದು ಅದಕ್ಕಿಂತ ಬಹಳ ಮೊದಲೇ, ಕೆಂಪು ಬಾಳೆಯಿಂದ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಹಣ್ಣು. ಬೆಲೆ ಕೇಳಿದರೆ ಸಾಮಾನ್ಯರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಇನ್ನೂ ಗಟ್ಟಿಯಾಗಿರುವ ಒಂದು ಹಣಿಗೆಯನ್ನು ಕೈಯಲ್ಲಿ ಹಿಡಿದು ಕೇಳಿದರೆ ಮಾರುವವರು ಅದರ ತೊಟ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ಹೇಳುತ್ತಾರೆ: ‘ಎರಡು ದಿನದಾಗ ಹಣ್ಣಾಗ್ತಾವ್ರಿ.’ ಪಕ್ಕದಲ್ಲಿ ಕಾರು ನಿಲ್ಲಿಸಿದ ಹೊರರಾಜ್ಯದವರಿಗೆ ಇದನ್ನು ಇಂಗ್ಲಿಷಿನಲ್ಲಿ ಹೇಳಬೇಕು. ‘ಇನ್ ಟೂ ಡೇಸ್’ ಎಂದರೆ ಇವತ್ತು ಸೋಮವಾರವಾದರೆ ಬುಧವಾರಕ್ಕೆ ತಿನ್ನಿರಿ ಎಂದಾಯಿತು. ‘ವಿದಿನ್ ಟೂ ಡೇಸ್’ ಎಂದರೆ ಬುಧವಾರ ಮೀರುವುದಿಲ್ಲ. ಮಂಗಳವಾರ ಮುಂಜಾನೆಯೇ ಆದರೂ ಆದೀತು. ‘ಆಫ್ಟರ್ ಟೂ ಡೇಸ್’ ಎಂದರೆ ಬುಧವಾರ ಕಳೆಯಲಿ, ಆಮೇಲೆ ನೋಡೋಣ. ಮಾರುವವರ ‘ದಾಗ’ ಮೊದಲ ಎರಡಕ್ಕೂ ಒದಗುತ್ತದೆ. ಮೂರನೆಯದಕ್ಕೆ ಅವರಲ್ಲಿ ಬೇರೆಯೇ ಮಾತಿದೆ, ‘ಎರಡು ದಿನ ಬಿಟ್ಟು’. ಬಿಡುವುದು ಎಂದ ಮೇಲೆ ಆ ದಿನಗಳು ಲೆಕ್ಕದಿಂದ ಹೊರಗೆ.

ನಮ್ಮ ಕಡೆಯವರು ‘ಐ ವಿಲ್ ಕಮ್ ಆಫ್ಟರ್ ಟೂ ಡೇಸ್’ ಎಂದಾಗ ಹೆಚ್ಚಾಗಿ ಹೇಳಬೇಕಾದದ್ದು ಇನ್. ಮಾತಿನಲ್ಲಿ ಇದು ನಡೆದು ಹೋಗುತ್ತದೆ. ‘ಟೂ ಇಯರ್ಸ್ ಬ್ಯಾಕ್’ ಕೂಡ ನಡೆಯುತ್ತದೆ, ‘ಅಗೋ’ ಹೇಳಿದರೆ ಇನ್ನೂ ಚೆಂದ. ಆದರೆ ‘ಬಿಫೋರ್ ಟೂ ಡೇಸ್’ ಬೇಡ. ಎರಡು ದಿನದ ಹಿಂದೆ ಎಂದು ನೀವು ಹೇಳಿದ್ದು ಕೇಳುವವರಿಗೆ ಎರಡು ದಿನ ಕಳೆಯುವುದರೊಳಗೆ ಎಂದು ಕೇಳಿಸಬಹುದು. ಹಿಂದಿನದು ಮುಂದಿನದಾಗಿ ಬಿಡುತ್ತದೆ. ನಿಗದಿಯಾದ ದಿನವನ್ನು ಮುಂಚೆಗೆ ತರುವ ‘ಪ್ರಿಪೋನ್’ ಬಗ್ಗೆ ನಗುವವರೊಡನೆ ನಾನಿಲ್ಲ. ಭಾರತದಲ್ಲಿ ರೂಢಿಗೆ ಬಂದ ಆ ಪದ ಆಕ್ಸ್‌ಫರ್ಡ್ ನಿಘಂಟಿಗೂ ಸೇರಿದೆ, ಕೆಲಸಕ್ಕೂ ಬರುತ್ತದೆ.

ಸಣ್ಣ ಪದ ದೊಡ್ಡ ದುಡ್ಡಾಗುವುದನ್ನು ನೋಡಬೇಕಾದರೆ ಕೋರ್ಟಿಗೆ ಹೋಗಬೇಕು. ಚೆಕ್ ಬೌನ್ಸ್ ಕೇಸನ್ನೇ ತೆಗೆದುಕೊಳ್ಳಿ. ಕಾನೂನು ಮೂರು ಗಡುವು ಇಟ್ಟಿದೆ. ಚೆಕ್ ಮರಳಿತೆಂದು ಬ್ಯಾಂಕಿನಿಂದ ತಿಳಿದ ಮೇಲೆ 30 ದಿನದೊಳಗೆ ನೋಟಿಸು ಕೊಡಬೇಕು. ನೋಟಿಸು ಕೈಸೇರಿದ 15 ದಿನದೊಳಗೆ ಎದುರಿನವರು ದುಡ್ಡು ಕೊಡಬೇಕು. ಕೊಡದಿದ್ದರೆ, ದೂರಿಗೆ ಕಾರಣ ಹುಟ್ಟಿದ ದಿನದ ಒಂದು ತಿಂಗಳೊಳಗೆ ದೂರು ದಾಖಲಾಗಬೇಕು. ಈ ‘ದಿನದ’ ಎಂಬಲ್ಲಿ ಇಂಗ್ಲಿಷ್ ಮೂಲದಲ್ಲಿ ‘ಫ್ರಮ್’ ಇಲ್ಲ, ‘ಆಫ್’ ಇದೆ. ಎರಡಕ್ಷರದ ಆ ಆಫ್ ಹದಿನಾಲ್ಕು ವರ್ಷ ಸುಪ್ರೀಂ ಕೋರ್ಟಿನ ತಲೆ ತಿಂದಿತು.

ಫ್ರಮ್ ಆಗಿದ್ದರೆ ಪ್ರಶ್ನೆಯೇ ಇರಲಿಲ್ಲ. 1897ರ ಜನರಲ್ ಕ್ಲಾಸಸ್ ಕಾಯ್ದೆಯ 9ನೇ ಕಲಮು ಹೇಳುತ್ತದೆ: ಫ್ರಮ್ ಎಂದು ಬರೆದರೆ ಮೊದಲ ದಿನ ಲೆಕ್ಕದಿಂದ ಹೊರಗೆ, ಟು ಎಂದು ಬರೆದರೆ ಕೊನೆಯ ದಿನ ಲೆಕ್ಕದೊಳಗೆ. ಝೆರಾಕ್ಸ್ ಅಂಗಡಿಯ ಪ್ರಶ್ನೆಗೆ ಸರ್ಕಾರ ನೂರು ವರ್ಷಕ್ಕೂ ಹಿಂದೆಯೇ ಉತ್ತರ ಬರೆದಿಟ್ಟಿದೆ ಎಂದಂತಾಯಿತು. 10ನೇ ಕಲಮಿನಲ್ಲಿ ಇನ್ನೂ ಒಂದು ಕರುಣೆ ಇದೆ: ಕೊನೆಯ ದಿನ ಕೋರ್ಟೋ ಕಚೇರಿಯೋ ಮುಚ್ಚಿದ್ದರೆ, ಮತ್ತೆ ತೆರೆದ ದಿನ ಮಾಡಿದ ಕೆಲಸವೂ ಗಡುವಿನೊಳಗೇ ಆಯಿತು. ಆದರೆ ಆಫ್ ಬಗ್ಗೆ ಕಾಯ್ದೆ ಬಾಯಿ ಬಿಟ್ಟಿಲ್ಲ.

1999ರ ಮಾರ್ಚ್‌ನಲ್ಲಿ ಸಾಕೇತ್ ಇಂಡಿಯಾ ಎಂಬ ಕಂಪನಿಯ ಪ್ರಕರಣ ತೀರ್ಮಾನವಾಯಿತು. ನೋಟಿಸು ಕೈಸೇರಿದ್ದು 1995ರ ಸೆಪ್ಟೆಂಬರ್ 29. ಆ ದಿನ ಬಿಟ್ಟು 15 ದಿನ ಎಣಿಸಿದರೆ ಅಕ್ಟೋಬರ್ 14. ದುಡ್ಡು ಬರಲಿಲ್ಲ, 15ಕ್ಕೆ ದೂರಿನ ಕಾರಣ ಹುಟ್ಟಿತು. ದೂರು ದಾಖಲಾದದ್ದು ನವೆಂಬರ್ 15. ಅಕ್ಟೋಬರ್ 15ನ್ನೂ ಲೆಕ್ಕಕ್ಕೆ ಹಿಡಿದರೆ ತಿಂಗಳು ನವೆಂಬರ್ 14ಕ್ಕೆ ಮುಗಿದಿದೆ, ಕೇಸು ಸತ್ತಿದೆ. ಬಿಟ್ಟರೆ 15ರ ತನ ಜೀವ ಇದೆ. ಕೋರ್ಟು ಬಿಟ್ಟಿತು, ಕೇಸು ಬದುಕಿತು. ಎರಡೇ ತಿಂಗಳಿಗೆ, ಬೆಂಗಳೂರಿನ ರೇಷ್ಮೆ ರಫ್ತುದಾರರೊಬ್ಬರ ಪ್ರಕರಣದಲ್ಲಿ, ಅದೇ ಸುಪ್ರೀಂ ಕೋರ್ಟಿನ ಇನ್ನೊಂದು ಪೀಠ ಬೇರೆ ದಾರಿ ಹಿಡಿಯಿತು. ಆಫ್ ಎಂದು ಬರೆದಿರುವಾಗ ಫ್ರಮ್‌ನ ನಿಯಮ ಹೇಗೆ ಅನ್ವಯಿಸೀತು ಎಂಬುದು ಅದರ ನಿಲುವು. ಹೀಗೆ ಒಂದೇ ವರ್ಷದಲ್ಲಿ ಎರಡು ಲೆಕ್ಕ ಹುಟ್ಟಿದವು. ಕೊನೆಗೆ 2013ರ ಆಗಸ್ಟ್‌ನಲ್ಲಿ ಎಕಾನ್ ಅಂತ್ರಿ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಕೂತು, ಆಫ್, ಫ್ರಮ್, ಆಫ್ಟರ್ ಇವುಗಳ ಅರ್ಥವನ್ನೆಲ್ಲ ಜಾಲಾಡಿ, ಸಾಕೇತ್ ಲೆಕ್ಕವೇ ಸರಿ, ಮೊದಲ ದಿನ ಹೊರಗೆ ಎಂದಿತು.

ನಡುವೆ 2002ರ ತಿದ್ದುಪಡಿ ಬಂದು, ಸರಿಯಾದ ಕಾರಣ ತೋರಿಸಿದರೆ ದೂರಿನ ವಿಳಂಬವನ್ನು ಮನ್ನಿಸುವ ಅಧಿಕಾರ ಕೋರ್ಟಿಗೆ ಸಿಕ್ಕಿತ್ತು. ಅಷ್ಟರ ಮಟ್ಟಿಗೆ ಒಂದು ದಿನದ ಭಯ ಕಡಿಮೆ. ಆದರೂ ಬಜಾರಿನಲ್ಲಿ ಉದ್ರಿ ಕೊಟ್ಟು ಚೆಕ್ ಇಸಿದುಕೊಂಡ ವ್ಯಾಪಾರಿಗೆ ಈ ಕಥೆ ತಿಳಿದಿರಬೇಕು. ವಕೀಲರ ಹತ್ತಿರ ಹೋಗುವವರು ಸಾಮಾನ್ಯವಾಗಿ ಕೊನೆಯ ವಾರದಲ್ಲೇ ಹೋಗುವುದು.

ಮೊದಲ ದಿನವನ್ನು ಹಿಡಿಯಬೇಕೋ ಬಿಡಬೇಕೋ ಎಂಬ ಈ ಗೊಂದಲ ನಮ್ಮ ಆಡುಮಾತಿನಲ್ಲಿ ಬೇರೆ ವೇಷದಲ್ಲಿ ಕೂತಿದೆ. ಉತ್ತರ ಕರ್ನಾಟಕದಲ್ಲಿ ವಾರಕ್ಕೆ ‘ಎಂಟು ದಿನ’ ಎನ್ನುತ್ತಾರೆ. ‘ಸಂತಿ ಎಂಟು ದಿನಕ್ಕೊಮ್ಮಿ ಕೂಡ್ತದ.’ ಎರಡು ವಾರಕ್ಕೆ ‘ಹದಿನೈದು ದಿನ’. ಏಳು, ಹದಿನಾಲ್ಕು ಎನ್ನುವುದಿಲ್ಲ. ಈ ಸೋಮವಾರದಿಂದ ಮುಂದಿನ ಸೋಮವಾರಕ್ಕೆ ಎರಡೂ ಸೋಮವಾರಗಳನ್ನು ಹಿಡಿದು ಎಣಿಸಿದರೆ ಎಂಟೇ ಬರುತ್ತದೆ. ಇದು ಹಳ್ಳಿಗರ ಅಂದಾಜು ಲೆಕ್ಕ ಎಂದು ಯಾರಾದರೂ ಅಂದರೆ ಫ್ರೆಂಚರ ಉದಾಹರಣೆ ಕೊಡಿ. ಅವರೂ ವಾರಕ್ಕೆ ಎಂಟು ದಿನ, ಎರಡು ವಾರಕ್ಕೆ ಹದಿನೈದು ದಿನ ಎಂದೇ ಹೇಳುತ್ತಾರೆ. ಇಂಗ್ಲಿಷಿನ ‘ಫೋರ್ಟ್‌ನೈಟ್’ ಮಾತ್ರ ಹದಿನಾಲ್ಕು ರಾತ್ರಿಗಳಿಂದ ಬಂದ ಪದ. ಅಲ್ಲಿ ರಾತ್ರಿ ಎಣಿಸಿದರು, ಇಲ್ಲಿ ಹಗಲು ಎಣಿಸಿದರು. ಎರಡು ಹಗಲಿನ ನಡುವೆ ಒಂದೇ ರಾತ್ರಿ ಇರುವುದರಿಂದ ಒಂದು ಕಡಿಮೆ ಬಿತ್ತು. ಆದ್ದರಿಂದ ‘ಹದಿನೈದು ದಿನ ಬಿಟ್ಟು ಬರ್ರಿ’ ಎಂಬುದನ್ನು ‘ಫಿಫ್ಟೀನ್ ಡೇಸ್’ ಎಂದು ಇಂಗ್ಲಿಷಿಗೆ ಇಳಿಸುವಾಗ ಎಚ್ಚರ ಬೇಕು. ಹೇಳಿದವರ ಮನಸ್ಸಿನಲ್ಲಿರುವುದು ಅದೇ ವಾರದ ದಿನವಾಗಿದ್ದರೆ ‘ಟೂ ವೀಕ್ಸ್’ ಎನ್ನುವುದೇ ಸರಿ.

ಈ ಎಣಿಕೆ ಎಂಥವರನ್ನು ಕೆಡವಿದೆ ಎಂದರೆ, ಒಂದು ಸಾಮ್ರಾಜ್ಯದ ಪಂಚಾಂಗವೇ ದಾರಿ ತಪ್ಪಿತ್ತು. ಜೂಲಿಯಸ್ ಸೀಸರ್ ಕ್ರಿ.ಪೂ. 45ರಲ್ಲಿ ಹೊಸ ಪಂಚಾಂಗ ತಂದ. ನಾಲ್ಕು ವರ್ಷಕ್ಕೊಮ್ಮೆ ಒಂದು ದಿನ ಹೆಚ್ಚು ಸೇರಿಸಬೇಕೆಂದು ನಿಯಮ. ಮರುವರ್ಷವೇ ಅವನ ಕೊಲೆಯಾಯಿತು. ರೋಮಿನ ಪುರೋಹಿತರು ನಮ್ಮ ಸಂತೆಯ ಲೆಕ್ಕದವರು, ಎರಡೂ ತುದಿ ಹಿಡಿದು ಎಣಿಸುವವರು. ಅವರ ಬೆರಳಿಗೆ ‘ಪ್ರತಿ ನಾಲ್ಕನೇ ವರ್ಷ’ ಎಂಬುದು ಮೂರು ವರ್ಷಕ್ಕೊಮ್ಮೆ ಆಯಿತು. 36 ವರ್ಷದಲ್ಲಿ 9 ದಿನ ಸೇರಬೇಕಾದಲ್ಲಿ 12 ಸೇರಿದವು. ಆಮೇಲೆ ಅಗಸ್ಟಸ್ ಚಕ್ರವರ್ತಿ ಕೆಲವು ಅಧಿಕ ವರ್ಷಗಳನ್ನೇ ಕೈಬಿಟ್ಟು ಪಂಚಾಂಗವನ್ನು ದಾರಿಗೆ ತಂದ. ಪಾಪ, ಅವರಿಗೆ ಜನರಲ್ ಕ್ಲಾಸಸ್ ಕಾಯ್ದೆ ಇರಲಿಲ್ಲ.

ತಿಂಗಳು ಮತ್ತು ಮೂವತ್ತು ದಿನ ಒಂದೇ ಎಂದುಕೊಳ್ಳುವುದೂ ಇದೇ ಜಾತಿಯ ತಪ್ಪು. ಫೆಬ್ರುವರಿ 1ರಿಂದ ಮೇ 1ಕ್ಕೆ ಅಧಿಕ ವರ್ಷವಲ್ಲದಿದ್ದರೆ 89 ದಿನ. ಜುಲೈ 1ರಿಂದ ಅಕ್ಟೋಬರ್ 1ಕ್ಕೆ 92. ಎರಡೂ ಮೂರು ತಿಂಗಳೇ. ಮಧ್ಯಸ್ಥಿಕೆ ಕಾಯ್ದೆಯಡಿ ಬಂದ ತೀರ್ಪನ್ನು ಪ್ರಶ್ನಿಸಲು ಮೂರು ತಿಂಗಳ ಅವಕಾಶವಿದೆ, ಅದರ ಮೇಲೆ ಕಾರಣ ಕೊಟ್ಟರೆ 30 ದಿನ. 2010ರಲ್ಲಿ ಹಿಮಾಚಲ ಪ್ರದೇಶದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮೂರು ತಿಂಗಳೆಂದರೆ 90 ದಿನ ಅಲ್ಲ, ತಿಂಗಳೆಂದರೆ ಕ್ಯಾಲೆಂಡರಿನ ತಿಂಗಳು ಎಂದು ಬಿಡಿಸಿ ಹೇಳಿತು. ಸರ್ಕಾರಿ ಸೇವೆಗಳಿಗೆ ಗಡುವು ಹಾಕಿರುವ ನಮ್ಮ ‘ಸಕಾಲ’ ಯೋಜನೆಯಲ್ಲಿ ಕೆಲಸದ ದಿನಗಳ ಲೆಕ್ಕ. ಅಲ್ಲಿ ‘ಏಳು ದಿನ’ ಎಂದದ್ದು ನಡುವೆ ಹಬ್ಬ ಬಿದ್ದರೆ ಹತ್ತಕ್ಕೆ ಹೋದೀತು. ಮೊಬೈಲ್ ಕಂಪನಿಗಳ ತಿಂಗಳಂತೂ 28 ದಿನದ್ದು. ಹಾಗೆ ರೀಚಾರ್ಜ್ ಮಾಡಿಸುತ್ತ ಹೋದರೆ ವರ್ಷಕ್ಕೆ ಹದಿಮೂರು ಸಲ ದುಡ್ಡು. 2022ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, 30 ದಿನದ ಒಂದು ಪ್ಲಾನು, ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸುವ ಒಂದು ಪ್ಲಾನು ಕಡ್ಡಾಯವಾಗಿ ಇರಲೇಬೇಕು ಎಂದು ಆದೇಶಿಸಿತು. ‘ಮಂತ್ಲಿ’ ಎಂಬ ಪದವನ್ನು ನಂಬಿದವರು ಆ ಹೊತ್ತಿಗೆ ಎಷ್ಟೋ ಹದಿಮೂರನೇ ತಿಂಗಳು ಕಟ್ಟಿ ಆಗಿತ್ತು.

ನೌಕರಿಗೆ ಅರ್ಜಿ ಹಾಕುವವರು ಓದಲೇಬೇಕಾದ ಒಂದು ತೀರ್ಪು ಇದೆ, 1986ರದು, ಪ್ರಭು ದಯಾಳ್ ಸೇಸ್ಮಾ ಎಂಬವರದು. ರಾಜಸ್ಥಾನದ ಸರ್ಕಾರಿ ಹುದ್ದೆಗೆ ಅರ್ಜಿ ಹಾಕಿದ್ದರು. ಜನವರಿ 1ಕ್ಕೆ 28 ವರ್ಷ ತುಂಬಿರಬಾರದು ಎಂಬುದು ನಿಯಮ. ಇವರು ಹುಟ್ಟಿದ್ದು 1956ರ ಜನವರಿ 2. ‘1984ರ ಜನವರಿ 1ಕ್ಕೆ ನನಗೆ 28 ತುಂಬಲು ಇನ್ನೂ ಒಂದು ದಿನ ಬಾಕಿ’ ಎಂದುಕೊಂಡರೆ ಯಾರು ತಾನೇ ತಪ್ಪು ಎಂದಾರು? ಕೋರ್ಟು ಅಂದಿತು. ಹುಟ್ಟಿದ ದಿನವೂ ಪೂರ್ತಿ ಒಂದು ದಿನವೆಂದು ಲೆಕ್ಕಕ್ಕೆ ಬರುತ್ತದೆ. ಹಾಗಾಗಿ 28ನೇ ವರ್ಷ ಜನವರಿ 1ರ ರಾತ್ರಿಗೇ ಮುಗಿದಿದೆ. ಹುದ್ದೆ ಹೋಯಿತು. ಗಡುವು ಎಣಿಸುವಾಗ ಮೊದಲ ದಿನ ಬಿಡು, ವಯಸ್ಸು ಎಣಿಸುವಾಗ ಮೊದಲ ದಿನ ಹಿಡಿ: ಕಾನೂನಿನ ಈ ಎರಡು ಬೆರಳೆಣಿಕೆ ಒಂದಕ್ಕೊಂದು ತಾಳೆಯಾಗಬೇಕಿಲ್ಲ. ನಮ್ಮಲ್ಲಿ ಇದರ ಪುರಾವೆ ಪ್ರತಿ ವರ್ಷ ಮೇ 31ಕ್ಕೆ ಸಿಗುತ್ತದೆ. ಹಳೆಯ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಮೇಷ್ಟ್ರು ಜೂನ್ 1 ಎಂದು ಬರೆದುಬಿಡುತ್ತಿದ್ದರು. ತಿಂಗಳ ಮೊದಲ ತಾರೀಖಿನಂದು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕು. ಆದ್ದರಿಂದ ಮೇ 31ರಂದು ಕಚೇರಿ ಕಚೇರಿಯಲ್ಲಿ ಹಾರ, ಶಾಲು, ಫಲತಾಂಬೂಲ. ಅರ್ಜಿಯಲ್ಲಿ ‘ಆ್ಯಸ್ ಆನ್’ ಎಂಬ ಎರಡು ಪದ ಕಂಡರೆ, ಅದರ ಮುಂದಿನ ತಾರೀಖನ್ನು ನಿಮ್ಮ ಹುಟ್ಟಿದ ದಿನದ ಪಕ್ಕ ಇಟ್ಟು ನೋಡುವುದು ಒಳ್ಳೆಯದು.

ಕಿರಾಣಿ ಅಂಗಡಿಗೆ ಬರೋಣ. ಕಲಬುರಗಿ ತೊಗರಿಯ ನಾಡು. ಇಲ್ಲಿನ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಚೀಲದಲ್ಲಿ ತೂಗಿ ತರುವ ಬೇಳೆಗೆ ಇಂಗ್ಲಿಷ್ ಬೇಕಿಲ್ಲ. ಪಾಕೀಟಿನ ಸರಕು ತಂದರೆ ಅದರ ಬೆನ್ನ ಮೇಲೆ ಸಣ್ಣ ಅಕ್ಷರದಲ್ಲಿ ಎರಡು ಬಗೆಯ ಮಾತು ಇರಬಹುದು: ‘ಬೆಸ್ಟ್ ಬಿಫೋರ್’ ಮತ್ತು ‘ಯೂಸ್ ಬೈ’. ಮೊದಲನೆಯದು ಸೊಗಡಿನ ಮಾತು. ಆ ತಾರೀಖಿನ ತನಕ ರುಚಿ, ವಾಸನೆ, ಗುಣ ಚೆನ್ನಾಗಿರುತ್ತದೆ. ಆಮೇಲೆ ಸ್ವಲ್ಪ ಇಳಿದೀತು, ವಿಷವಾಗುವುದಿಲ್ಲ. ಎರಡನೆಯದು ಜೀವದ ಮಾತು. ಆ ತಾರೀಖು ದಾಟಿದರೆ ತಿನ್ನಬಾರದು, ಮಾರಲೂಬಾರದು. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮಗಳಲ್ಲಿ ‘ಎಕ್ಸ್‌ಪೈರಿ’ ಅಥವಾ ಯೂಸ್ ಬೈ ಬರೆಯುವುದು ಕಡ್ಡಾಯ, ಬೆಸ್ಟ್ ಬಿಫೋರ್ ಬರೆಯುವುದು ಅವರವರ ಇಷ್ಟ. ಎರಡನ್ನೂ ‘ಡೇಟ್ ಮುಗಿದದ’ ಎಂಬ ಒಂದೇ ಮಾತಿನಲ್ಲಿ ಕಟ್ಟಿ ಹಾಕುವ ನಮ್ಮ ರೂಢಿಯಿಂದ ಎರಡು ನಷ್ಟ: ಒಳ್ಳೆಯದನ್ನು ಚೆಲ್ಲುತ್ತೇವೆ, ಕೆಟ್ಟದ್ದನ್ನು ‘ಏನಾಗಂಗಿಲ್ಲ ಬಿಡ್ರಿ’ ಎಂದು ತಿನ್ನುತ್ತೇವೆ. ಗುಳಿಗೆಯ ಪಟ್ಟಿಯ ಮೇಲೆ ತಿಂಗಳು ಮತ್ತು ವರ್ಷ ಮಾತ್ರ ಇರುತ್ತದೆ. ಮಾರ್ಚ್ ಎಂದಿದ್ದರೆ ಮಾರ್ಚ್ 1ಕ್ಕೆ ಮುಗಿಯಿತೆಂದಲ್ಲ; ಔಷಧ ನಿಯಮಗಳ ಪ್ರಕಾರ ಆ ತಿಂಗಳ ಕೊನೆಯ ದಿನದ ತನಕ ನಡೆಯುತ್ತದೆ. ಕಮಲಾಪುರದ ಬಾಳೆಹಣ್ಣಿಗೆ ಮಾತ್ರ ಈ ಯಾವ ಚೀಟಿಯೂ ಬೇಡ, ಸಿಪ್ಪೆ ನೋಡಿದರೆ ಸಾಕು.

ಇಂಗ್ಲಿಷೇ ಇನ್ನೂ ಬಗೆಹರಿಸಿಕೊಳ್ಳದ ಜಗಳಗಳೂ ಇವೆ. ಮಂಗಳವಾರ ನಿಂತು ‘ನೆಕ್ಸ್ಟ್ ಫ್ರೈಡೇ’ ಎಂದರೆ ಮೂರು ದಿನಕ್ಕೆ ಬರುವ ಶುಕ್ರವಾರವೋ, ಅದರಾಚೆಯದೋ? ಲಂಡನ್ನಿನವರೂ ಒಂದೇ ಉತ್ತರ ಕೊಡುವುದಿಲ್ಲ. ನಮ್ಮ ‘ಬರೋ ಶುಕ್ರವಾರ’, ‘ಅದರ ಮುಂದಿನ ಶುಕ್ರವಾರ’ ಇದಕ್ಕಿಂತ ಎಷ್ಟೋ ಮೇಲು. ‘ಬೈವೀಕ್ಲಿ’ ಎಂದರೆ ವಾರಕ್ಕೆ ಎರಡು ಸಲವೂ ಹೌದು, ಎರಡು ವಾರಕ್ಕೊಮ್ಮೆಯೂ ಹೌದು. ನಿಘಂಟು ಎರಡನ್ನೂ ಕೊಡುತ್ತದೆ. ಅಂಥ ಪದವನ್ನು ಬರೆಯದೇ ಇರುವುದೇ ಜಾಣತನ.

ಉಳಿದದ್ದು ರೈಲು. 2017ರ ಅಕ್ಟೋಬರ್ 29ರಂದು ಬೀದರ್-ಕಲಬುರಗಿ ಮಾರ್ಗ ತೆರೆದ ಮೇಲೆ ಕಮಲಾಪುರಕ್ಕೂ ರೈಲಿನ ಗಂಟೆ ಕೇಳಿಸುತ್ತದೆ. ರೈಲ್ವೆಯವರು ‘ರೈಟ್ ಟೈಮ್’ ಎನ್ನುವುದನ್ನು ಪಾಠದಲ್ಲಿ ‘ಆನ್ ಟೈಮ್’ ಎಂದು ಕಲಿಸುತ್ತಾರೆ: 7.20ರ ಗಾಡಿ 7.20ಕ್ಕೇ ಬಂತು. ‘ಇನ್ ಟೈಮ್’ ಬೇರೆ: ಗಾಡಿ ಬಿಡುವಷ್ಟರಲ್ಲಿ ನೀವು ಮುಟ್ಟಿದಿರಿ. ಗಾಡಿ ಆನ್ ಟೈಮ್ ಇದ್ದ ದಿನವೇ ನಾವು ಇನ್ ಟೈಮ್ ಇರುವುದಿಲ್ಲ ಎಂಬುದು ಹಳೆಯ ಅನುಭವ. ಅದಕ್ಕಿಂತ ದೊಡ್ಡ ಬಲೆ ನಡುರಾತ್ರಿಯದು. ಕಲಬುರಗಿ ಮುಂಬೈಯಿಂದ ಚೆನ್ನೈಗೆ, ಬೆಂಗಳೂರಿಗೆ ಹೋಗುವ ಮುಖ್ಯ ಹಳಿಯ ಮೇಲಿದೆ. ಸರಿರಾತ್ರಿಯ ಗಾಡಿಗಳು ಬಹಳ. ನಮ್ಮ ಪಾಲಿಗೆ ದಿನ ಬದಲಾಗುವುದು ಬೆಳಕು ಹರಿದಾಗ. ರಾತ್ರಿ ಒಂದಾದರೂ ಅದು ಗುರುವಾರ ರಾತ್ರಿಯೇ. ರೈಲ್ವೆಯ ಗಡಿಯಾರಕ್ಕೆ 12 ದಾಟಿದ ಗಳಿಗೆಯಿಂದ ಶುಕ್ರವಾರ. ಗುರುವಾರ ರಾತ್ರಿ ಊಟ ಮುಗಿಸಿ ಮನೆ ಬಿಟ್ಟು 00.40ರ ಗಾಡಿ ಹತ್ತಬೇಕಾದವರ ಟಿಕೆಟ್ ಮೇಲೆ ಶುಕ್ರವಾರದ ತಾರೀಖು ಇರಬೇಕು. ಆ ತಾರೀಖು ನೋಡಿ ಶುಕ್ರವಾರ ರಾತ್ರಿ ಸ್ಟೇಷನ್ನಿಗೆ ಹೋದವರ ಗಾಡಿ ಹೊರಟು ಇಪ್ಪತ್ತನಾಲ್ಕು ತಾಸು ಆಗಿರುತ್ತದೆ, ರೈಟ್ ಟೈಮಿಗೇ.